ಕರದಂಟಿನ ಡಬ್ಬಿ

ರಾಣಿ ಚೆನ್ನಮ್ಮ ಬೆಳಗಾವಿ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಎದುರಿನ ಸೀಟಿನ ಅಜ್ಜ ನನ್ನ ತೊಡೆಯ ಮೇಲಿದ್ದ ಡಬ್ಬಿಯನ್ನು ಮೂರನೇ ಸಲ ನೋಡಿದರು. ಕಡೆಗೆ ತಡೆಯಲಾರದೆ ಕೇಳಿಯೇ ಬಿಟ್ಟರು.

“ಗೋಕಾಕ ಕರದಂಟ ಹೌದಲ್ರಿ? ಒಂದ್ ತುಣುಕ ಕೊಡ್ರೆಲಾ, ಬಾಯಿ ಸಪ್ಪಗಾಗೇತಿ.”

ಡಬ್ಬಿಯ ಮೇಲೆ ಹಾಗೇ ಬರೆದಿತ್ತು, ಅಜ್ಜನ ತಪ್ಪೇನಿಲ್ಲ. ಆದರೆ ಒಳಗಿದ್ದದ್ದು ಅವ್ವ. ಅಂದರೆ, ಅವ್ವನ ಹೊಟ್ಟೆಯಿಂದ ಸೂಜಿ ಹಾಕಿ ತೆಗೆದ ದಾರದೆಳೆಯಂಥ ಚೂರುಗಳು, ಅವನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಎರಡು ಬ್ಲಾಕು, ಜೊತೆಗೆ ಹತ್ತಿಯಲ್ಲಿ ಸುತ್ತಿದ ಆರು ಗಾಜಿನ ಸ್ಲೈಡು.

“ಇಲ್ರಿ ಅಜ್ಜಾರ, ಇದರಾಗ ಔಷಧ ಅದಾವು” ಅಂದೆ.

ಅಜ್ಜ ನಂಬಲಿಲ್ಲ. “ಕೊಡಾಕ ಮನಸಿಲ್ಲಂದ್ರ ಹಂಗ ಹೇಳ್ರಿ, ಸುಳ್ಳ ಯಾಕ?” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಬ್ಬಳ್ಳಿ ಬರುವ ತನಕ ಮಾತಾಡಲಿಲ್ಲ.

ಅದು 2016ರ ಏಪ್ರಿಲ್. ಬೆಳಗಾವಿಯ ಲ್ಯಾಬಿನಲ್ಲಿ ಬ್ಲಾಕು ಕೊಡುವಾಗ ಅಲ್ಲಿಯ ಹುಡುಗ “ಬಿಸಲಾಗ ಇಡಬ್ಯಾಡ್ರಿ, ಮೇಣ ಕರಗತೈತಿ” ಅಂದಿದ್ದ. ಆ ಮೇಣ ಕರಗುವುದು ಸುಮಾರು 56ರಿಂದ 60 ಡಿಗ್ರಿಗೆ ಅಂತ ಬಸ್ ಸ್ಟ್ಯಾಂಡಿನಲ್ಲೇ ನಿಂತು ಫೋನಿನಲ್ಲಿ ನೋಡಿದೆ. ಬೆಳಗಾವಿಯ ಬಿಸಿಲು ಅಷ್ಟಕ್ಕೆ ಏರುವುದಿಲ್ಲ ಅಂತ ಗೊತ್ತಿದ್ದರೂ ಡಬ್ಬಿಯನ್ನು ಬ್ಯಾಗಿಗೆ ಹಾಕಲು ಧೈರ್ಯ ಬರಲಿಲ್ಲ. ರಾತ್ರಿಯೆಲ್ಲ ತಲೆದಿಂಬಿನ ಬಾಜೂಕೆ ಇಟ್ಟುಕೊಂಡು ಮಲಗಿದೆ. ಮಲಗಿದೆ ಅನ್ನುವುದು ಮಾತಿಗೆ.

ನಮ್ಮೂರು ಘಟಪ್ರಭಾ ಸ್ಟೇಷನ್ನಿನಿಂದ ಆರೇಳು ಕಿಲೋಮೀಟರು, ಎಡದಂಡೆ ಕಾಲುವೆಯ ಕೆಳಗೆ. ಕಬ್ಬು, ಗೋವಿನಜೋಳ, ಅರಿಷಿಣ. 2015ರ ದೀಪಾವಳಿ ಮುಗಿಸಿ ನಾನು ಬೆಂಗಳೂರಿಗೆ ವಾಪಸಾದ ಮೇಲೆ ಅವ್ವ ಫೋನಿನಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ್ದಳು. ನನಗೆ ಲೆಕ್ಕ ನೆನಪಿದೆ, ಯಾಕೆಂದರೆ ಆಮೇಲೆ ಅದನ್ನು ಬಹಳ ಸಲ ಎಣಿಸಿದ್ದೇನೆ.

“ಯಪ್ಪಾ, ಎರಡ ತುತ್ತ ಉಣ್ಣೂದ್ರಾಗ ಹೊಟ್ಟಿ ತುಂಬಿದಂಗ ಆಗತೈತಿ.”

ಮೊದಲ ಸಲ “ಗ್ಯಾಸ್ ಇರಬೇಕವಾ” ಅಂದೆ. ಎರಡನೇ ಸಲ ಗುಳಿಗೆಯ ಹೆಸರು ಹೇಳಿದೆ. ಮೂರನೇ ಸಲ ನಾನು ಆಫೀಸಿನಲ್ಲಿದ್ದೆ, ಅವತ್ತು ರಾತ್ರಿ ರಿಲೀಸ್ ಇತ್ತು, “ಆಮ್ಯಾಲ ಮಾಡ್ತೀನಿ” ಅಂದು ಇಟ್ಟೆ. ಅವಳೂ ಕಬ್ಬು ಕಡಿಯುವ ಗದ್ದಲದಲ್ಲಿ ಸುಮ್ಮನಾದಳು. ಮಾರ್ಚ್ ಹೊತ್ತಿಗೆ ಸೀರೆಯ ನಿರಿಗೆ ಕಟ್ಟಲಾರದಷ್ಟು ಹೊಟ್ಟೆ ಬಂದಿತ್ತು. ತಂಗಿ ಮುಡಲಗಿಯಿಂದ ಬಂದವಳೇ ನೋಡಿ ಹೌಹಾರಿ, ಜಗಳವಾಡಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಹೊಟ್ಟೆಯಲ್ಲಿ ನೀರು. ಅಂಡಾಶಯದಲ್ಲಿ ಗಡ್ಡೆ.

ಅವ್ವ ಒಪ್ಪಲೇ ಇಲ್ಲ. “ನಂದು ಚೀಲಾನ ತಗದಾರಲ್ಲ, ಇನ್ನೇನ ಉಳದೈತಿ ಒಳಗ?” ನಮ್ಮ ಕಡೆಯ ಹೆಂಗಸರಿಗೆ ಗರ್ಭಚೀಲ ತೆಗೆಸುವುದು ಹಲ್ಲು ಕೀಳಿಸಿದಷ್ಟು ಮಾಮೂಲು. ಅವಳಿಗೂ ಮೂವತ್ತೈದರ ಆಸುಪಾಸಿನಲ್ಲೇ ತೆಗೆದಿದ್ದರು. ಅಲ್ಲಿಗೆ ಹೆಂಗಸರ ರೋಗಗಳೆಲ್ಲ ಚೀಲದ ಸಂಗಡ ಹೋದವು ಅಂತ ಅವಳ ಲೆಕ್ಕ. ಚೀಲ ಹೋದರೂ ಅಂಡಾಶಯಗಳನ್ನು, ನಾಳಗಳನ್ನು ಅಲ್ಲೇ ಬಿಟ್ಟಿರುತ್ತಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಖರೇ ಹೇಳಬೇಕೆಂದರೆ ಬಿಇ ಓದಿದ ನನಗೂ ಗೊತ್ತಿರಲಿಲ್ಲ. ಈ ಜಾತಿಯ ಕ್ಯಾನ್ಸರ್ ಬಹಳ ಸಲ ಶುರುವಾಗುವುದೇ ನಾಳದ ಜಾಲರಿಯಂಥ ತುದಿಯಲ್ಲಂತೆ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು, ಕಿಬ್ಬೊಟ್ಟೆಯ ನೋವು: ಇಷ್ಟೇ ಅದರ ಲಕ್ಷಣ. ಎಲ್ಲವನ್ನೂ ಗ್ಯಾಸ್ ಅಂತ ಕರೆಯಬಹುದು. ನಾನು ಕರೆದೆ. ಬಹುಪಾಲು ಹೆಂಗಸರಲ್ಲಿ ಇದು ಗೊತ್ತಾಗುವುದೇ ಹೊಟ್ಟೆಯ ತುಂಬ ಹಬ್ಬಿದ ಮೇಲೆ. ಐವತ್ತು ದಾಟಿದ ನಿಮ್ಮ ಅಮ್ಮನೋ ಅತ್ತೆಯೋ ಹೊಸದಾಗಿ ಹೀಗೆ ಹೇಳತೊಡಗಿ ಎರಡು ಮೂರು ವಾರವಾದರೂ ನಿಲ್ಲದಿದ್ದರೆ ಗುಳಿಗೆಯ ಹೆಸರು ಹೇಳಬೇಡಿ, ಸ್ಕ್ಯಾನ್ ಮಾಡಿಸಿ.

ರಕ್ತದಲ್ಲಿ ಸಿಎ-125 ಎಂಬುದನ್ನು ನೋಡುತ್ತಾರೆ. 35ರ ಒಳಗಿರಬೇಕು, ಅವ್ವನದು 1,462 ಇತ್ತು. ಆ ಹೆಸರಿನಲ್ಲಿ 125 ಯಾಕೆ ಬಂತು ಗೊತ್ತೇ? ಅಮೆರಿಕದ ರಾಬರ್ಟ್ ಬಾಸ್ಟ್ ಎಂಬ ವೈದ್ಯರ ತಂಡ ಅಂಡಾಶಯದ ಕ್ಯಾನ್ಸರನ್ನು ಗುರುತಿಸುವ ಪ್ರತಿಕಾಯ ಹುಡುಕುತ್ತಿದ್ದಾಗ ಒಂದಾದ ಮೇಲೊಂದು ಪರೀಕ್ಷಿಸುತ್ತ ಹೋಗಿ ನೂರಿಪ್ಪತ್ತೈದನೆಯದು ಕೆಲಸ ಮಾಡಿತಂತೆ. 1981ರ ಮಾತು. ನಮ್ಮ ಬಿಲ್ಡ್ ನಂಬರ್ ಇದ್ದ ಹಾಗೆ ಅನ್ನಿಸಿತು. ಇಂಥ ವಿಷಯ ಓದುವಾಗ ಹತ್ತು ನಿಮಿಷ ಭಯ ಮರೆಯುತ್ತಿತ್ತು. ಅದಕ್ಕೇ ಓದುತ್ತಿದ್ದೆ ಅಂತ ಈಗ ಕಾಣುತ್ತದೆ.

ಬಯಾಪ್ಸಿ ರಿಪೋರ್ಟು ಬಂದ ದಿನ ಓದಿ ಹೇಳುವ ಕೆಲಸ ನನ್ನದಾಯಿತು. ಮನೆಯ ಪಡಸಾಲೆಯಲ್ಲಿ ಅಪ್ಪ, ಕಾಕಾ, ತಂಗಿ, ಅವಳ ಗಂಡ, ನಡುವೆ ಗೋಡೆಗೆ ಆತು ಕೂತ ಅವ್ವ. ಪ್ಯಾಕ್ಸ್-8: ನ್ಯೂಕ್ಲಿಯರ್ ಪಾಸಿಟಿವ್. ಡಬ್ಲ್ಯೂಟಿ-1: ನ್ಯೂಕ್ಲಿಯರ್ ಪಾಸಿಟಿವ್. ಪಿ-53: ನ್ಯೂಕ್ಲಿಯರ್, ಮ್ಯುಟೆಂಟ್ ಮಾದರಿ.

“ನ್ಯೂಕ್ಲಿಯರ್ ಅಂದ್ರ ಬಾಂಬ್ ಅಲ್ಲೇನೋ?” ಅಂದ ಕಾಕಾ.

ಯಾರೂ ನಗಲಿಲ್ಲ. ಅವ್ವ ಒಬ್ಬಳೇ “ಹೌದಪಾ, ಹೊಟ್ಟ್ಯಾಗ ಬಾಂಬ್ ಇಟ್ಕೊಂಡೀನಿ, ದೂರ ಸರ್ಕೋರಿ” ಅಂದಳು.

ನ್ಯೂಕ್ಲಿಯಸ್ ಅಂದರೆ ಜೀವಕೋಶದ ನಡುವಿನ ಕೋಶಕೇಂದ್ರ ಅನ್ನುವುದು ಪಿಯುಸಿಯಲ್ಲಿ ಓದಿದ ನೆನಪಿತ್ತು. ಆದರೆ ಪಾಸಿಟಿವ್ ಅಂದರೆ ಸಾಕಿತ್ತಲ್ಲ. ಅದು ಕೋಶದ ಯಾವ ಖೋಲಿಯಲ್ಲಿ ಕೂತಿದೆ ಅಂತ ಪ್ರತಿ ಸಾಲಿನಲ್ಲೂ ಯಾಕೆ ಬರೆದಿದ್ದಾರೆ?

ಈ ಪ್ರಶ್ನೆಯನ್ನು ಡಬ್ಬಿಯ ಜೊತೆಗೇ ಬೆಂಗಳೂರಿಗೆ ಒಯ್ದೆ. ಎರಡನೇ ಅಭಿಪ್ರಾಯಕ್ಕೆಂದು ಹೋದ ಕಡೆ ಸ್ಲೈಡು ನೋಡುವ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಸಾಮಾನ್ಯವಾಗಿ ಪೆಥಾಲಜಿಯವರನ್ನು ರೋಗಿಯ ಕಡೆಯವರು ಕಾಣುವುದೇ ಇಲ್ಲ, ಕೌಂಟರಿನ ಆಚೆ ಎಲ್ಲೋ ಇರುತ್ತಾರೆ. ನಾನು ಎರಡನೇ ದಿನವೂ ಬೆಂಚಿನ ಮೇಲೆ ಕೂತದ್ದು ನೋಡಿ ಅವರೇ ಹೊರಗೆ ಬಂದರು. “ಏನ್ ಕೆಲಸ ಮಾಡ್ತೀರಿ?” “ಸಾಫ್ಟ್‌ವೇರ್ ಮೇಡಂ.” “ಬನ್ನಿ ಒಳಗೆ.” ಇಬ್ಬರು ಒಟ್ಟಿಗೆ ನೋಡುವಂಥ ಜೋಡಿ ಕಣ್ಣಿನ ಮೈಕ್ರೋಸ್ಕೋಪು. ಒಂದು ಕಡೆ ಅವರು, ಇನ್ನೊಂದು ಕಡೆ ನಾನು.

ಅವ್ವನನ್ನು ಹಾಗೆ ನೋಡುತ್ತೇನೆಂದು ಅಂದುಕೊಂಡಿರಲಿಲ್ಲ. ತಿಳಿ ನೀಲಿ ಬಯಲಿನ ಮೇಲೆ ಚೆಲ್ಲಿದ ಕಂದು ಕಾಳುಗಳು. ಮೇಣದ ಬ್ಲಾಕನ್ನು ನಾಲ್ಕು ಮೈಕ್ರಾನ್ ದಪ್ಪಕ್ಕೆ, ಅಂದರೆ ಕೂದಲೆಳೆಗಿಂತ ಹತ್ತಾರು ಪಟ್ಟು ತೆಳ್ಳಗೆ ಕುಯ್ಯುತ್ತಾರೆ. ಒಂದು ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಹಾಕುತ್ತಾರೆ. ಅಂಟಿದ ಕಡೆ ಕಂದು ಬಣ್ಣ ಬರುವ ಹಾಗೆ ಮಾಡುತ್ತಾರೆ, ಉಳಿದ ಕೋಶಕೇಂದ್ರಗಳಿಗೆ ನೀಲಿ ಬಣ್ಣ. ಇಷ್ಟೇ. ಆದರೆ ಈ ಇಷ್ಟೇ ಎನ್ನುವುದರಲ್ಲಿ ಒಂದು ದೊಡ್ಡ ಲಾಭವಿದೆ. ಅಂಗಾಂಶವನ್ನು ಅರೆದು ರಸ ತೆಗೆದು ಪ್ರೋಟೀನು ಅಳೆಯುವ ವಿಧಾನಗಳೂ ಇವೆ. ಅವು ಎಷ್ಟಿದೆ ಅಂತ ಹೇಳುತ್ತವೆ, ಎಲ್ಲಿತ್ತು ಅಂತ ಹೇಳಲಾರವು. ಕುಟ್ಟಿದ ಶೇಂಗಾ ಹಿಂಡಿ ನೋಡಿ ಬೆಳ್ಳುಳ್ಳಿ ಯಾವ ಮೂಲೆಯಲ್ಲಿತ್ತು ಅಂತ ಹೇಳಿದರೆ ಹೇಗೆ? ಇಲ್ಲಿ ಹಾಗಲ್ಲ, ಕೋಶ ಇದ್ದ ಹಾಗೇ ಇರುತ್ತದೆ.

“ನೋಡಿ, ಇದು ಡಬ್ಲ್ಯೂಟಿ-1. ಕಂದು ಬಣ್ಣ ನ್ಯೂಕ್ಲಿಯಸ್ಸಿನ ಒಳಗಿದೆ ಅಲ್ವಾ? ಹಾಗಿದ್ರೆ ಮಾತ್ರ ನಮಗೆ ಲೆಕ್ಕ. ಸುತ್ತಲಿನ ಸೈಟೋಪ್ಲಾಸಮ್ಮಲ್ಲಿ ಎಷ್ಟೇ ಕಂದು ಬಂದ್ರೂ ಪಾಸಿಟಿವ್ ಅನ್ನಲ್ಲ.” ಆಮೇಲೆ ಪಿ-53 ಸ್ಲೈಡು. ಒಂದೂ ಕಾಳು ಬಿಡದ ಹಾಗೆ ಗಾಢ ಕಂದು. ಆರೋಗ್ಯವಂತ ಕೋಶದಲ್ಲಿ ಪಿ-53 ಹುಟ್ಟುತ್ತಲೇ ಕರಗುತ್ತದೆ, ಕೆಟ್ಟದ್ದು ಕರಗದೆ ಕೋಶಕೇಂದ್ರದಲ್ಲೇ ಗುಡ್ಡೆ ಬೀಳುತ್ತದೆ. 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್‌ನವರು ಅವ್ವನ ಜಾತಿಯ ಗಡ್ಡೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ 96ರಲ್ಲಿ ಈ ಜೀನು ಕೆಟ್ಟಿತ್ತು.

ಅವತ್ತು ರಾತ್ರಿ ಮಾರತ್ತಹಳ್ಳಿಯ ರೂಮಿನಲ್ಲಿ ಕೂತು ಹುಡುಕಿದೆ. ನಾನು ಹುಡುಕುವುದು ಹೀಗೇ. ಏನಾದರೂ ಕೆಟ್ಟರೆ ಲಾಗ್ ತೆಗೆಯುತ್ತೇನೆ, ಎಲ್ಲ ಲಾಗ್ ಓದುತ್ತೇನೆ, ಓದುತ್ತಿದ್ದರೆ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಅಂಡಾಶಯದ ಕ್ಯಾನ್ಸರು, ಪ್ರೋಟೀನು, ಜಾಗ. 2003ರಲ್ಲಿ ಹೆಲ್ಸಿಂಕಿಯ ತಂಡವೊಂದು ಹೂ-ಆರ್ ಎಂಬ ಪ್ರೋಟೀನಿನ ಬಗ್ಗೆ ಬರೆದದ್ದು ಸಿಕ್ಕಿತು. ಸಾಮಾನ್ಯವಾಗಿ ಕೋಶಕೇಂದ್ರದಲ್ಲಿರುವ ಅದು ಯಾರ ಗಡ್ಡೆಯಲ್ಲಿ ಹೊರಗಿನ ಕೋಶದ್ರವ್ಯಕ್ಕೆ ಬಂದಿತ್ತೋ ಆ ಹೆಂಗಸರು ಕಡಿಮೆ ಕಾಲ ಬದುಕಿದ್ದರು. 2005ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ತಂಡ ಪಿ-27ರ ಬಗ್ಗೆ ಅಂಥದ್ದೇ ಹೇಳಿತ್ತು. ಆ ಲೇಖಕರ ಪಟ್ಟಿಯಲ್ಲಿ ಬಾಸ್ಟ್ ಅಂತ ಹೆಸರಿತ್ತು, ನಮ್ಮ 125ರ ಬಾಸ್ಟ್. ಗುರುತಿನವರು ಸಿಕ್ಕಿದ ಹಾಗಾಯಿತು. ಪಿ-27 ನನ್ನ ತಲೆಯೊಳಗೆ ಸೇರಿದ್ದು ಹಾಗೆ.

ಪಿ-27ರ ತೂಕ 27 ಕಿಲೋಡಾಲ್ಟನ್, ಹೆಸರು ಅದರಿಂದಲೇ ಬಂದದ್ದು. 1994ರಲ್ಲಿ ಪತ್ತೆಯಾಯಿತು. ಕೋಶ ಎರಡಾಗುವುದಕ್ಕೆ ಬ್ರೇಕ್ ಹಾಕುವುದು ಅದರ ಕೆಲಸ. ಕೋಶಕೇಂದ್ರದಲ್ಲಿ ಕೂತು, ವಿಭಜನೆಗೆ ಚಾಲನೆ ಕೊಡುವ ಕಿಣ್ವಗಳನ್ನು ಹಿಡಿದಿಡುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಾಲುವೆಯ ಗೇಟಿನವ.

ಧೂಪದಾಳದ ಒಡ್ಡು ಕಟ್ಟಿದ್ದು 1897ರಲ್ಲಿ, ಆ ನೀರೇ ನಮ್ಮ ಹೊಲಕ್ಕೆ ಬರುವುದು. ನಾನು ಸಾಲಿಗೆ ಹೋಗುವಾಗ ನಮ್ಮೂರ ಕಡೆಯ ಒಂದು ಗೇಟು ಕಾಯಲು ಒಬ್ಬ ಇದ್ದ. ಅವನು ಗೇಟಿನ ಹತ್ತಿರ ಇದ್ದರೆ ಯಾರ ಪಾಳಿ ಯಾವಾಗ ಅಂತ ನೀರು ಸರಿಯಾಗಿ ಹೋಗುತ್ತಿತ್ತು. ಅವನು ಬಹಳ ಸಲ ಇರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ಪಗಾರ ಬರುತ್ತಿತ್ತು, ಲೆಕ್ಕಕ್ಕೆ ಮನುಷ್ಯ ಒಬ್ಬ ಇದ್ದ. ಗೇಟಿನ ಮುಂದೆ ಇರಲಿಲ್ಲ. ಅವನು ಬರೀ ಚಾದಂಗಡಿಯಲ್ಲಿ ಕೂತಿದ್ದರೂ ಪರವಾ ಇರಲಿಲ್ಲ. ರೊಕ್ಕ ಕೊಟ್ಟವರ ಜೊತೆ ರಾತ್ರಿ ಹೋಗಿ ಮಂದಿಯ ಬದುವು ಒಡೆಯಲು ಕೈಜೋಡಿಸುತ್ತಿದ್ದ.

ಪಿ-27ಗೂ ಹಾಗೇ ಆಗುತ್ತದೆ. ಪ್ರತಿ ಪ್ರೋಟೀನಿನ ಮೈಯಲ್ಲೇ ತಾನು ಎಲ್ಲಿಗೆ ಹೋಗಬೇಕೆಂಬ ವಿಳಾಸ ಬರೆದಿರುತ್ತದೆ. ಇದನ್ನು ತೋರಿಸಿದ್ದಕ್ಕೇ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದದ್ದು. ಪಿ-27ರ ವಿಳಾಸ ಕೋಶಕೇಂದ್ರ. 2002ರಲ್ಲಿ ಮೂರು ತಂಡಗಳು ಸ್ತನ ಕ್ಯಾನ್ಸರಿನಲ್ಲಿ ಒಂದೇ ಸಂಗತಿ ಕಂಡುಕೊಂಡವು: ಎಕೆಟಿ ಎಂಬ ಕಿಣ್ವ ಅತಿಯಾಗಿ ಕೆಲಸ ಮಾಡುವ ಗಡ್ಡೆಗಳಲ್ಲಿ ಅದು ಪಿ-27ರ ವಿಳಾಸದ ನಡುವೆಯೇ ಒಂದು ಫಾಸ್ಫೇಟು ಅಂಟಿಸಿಬಿಡುತ್ತದೆ. ಪೋಸ್ಟ್ ಕಾರ್ಡಿನ ವಿಳಾಸದ ಮೇಲೆ ಚಾ ಚೆಲ್ಲಿದ ಹಾಗೆ. ಟಪಾಲಿನವನಿಗೆ ಓದಲು ಬರುವುದಿಲ್ಲ, ಪ್ರೋಟೀನು ಹೊರಗೇ ಉಳಿಯುತ್ತದೆ. ಒಳಗೆ ಬ್ರೇಕ್ ಇಲ್ಲ. ಹೊರಗೆ ಉಳಿದದ್ದು ಸುಮ್ಮನೂ ಇರುವುದಿಲ್ಲ, ಕೋಶ ತನ್ನ ಜಾಗ ಬಿಟ್ಟು ಸರಿಯುವುದಕ್ಕೆ ನೆರವಾಗುತ್ತದೆ. ಒಟ್ಟು ಎಷ್ಟಿದೆ ಅಂತ ಅಳೆದರೆ ಬರೀ ಹಾಜರಿ ಪುಸ್ತಕ ಓದಿದ ಹಾಗಾಯಿತು.

ಪೆಥಾಲಜಿಯವರು ಅಂಕ ಹಾಕುವ ಒಂದು ಪದ್ಧತಿ ಇದೆ, ಎಚ್-ಸ್ಕೋರ್ ಅಂತ. ತಿಳಿಯಾಗಿ ಬಣ್ಣ ಬಂದ ಕೋಶಗಳ ಶೇಕಡಾವಾರನ್ನು ಒಂದರಿಂದ, ಮಧ್ಯಮದ್ದನ್ನು ಎರಡರಿಂದ, ಗಾಢವಾದದ್ದನ್ನು ಮೂರರಿಂದ ಗುಣಿಸಿ ಕೂಡಿಸುವುದು. ಸೊನ್ನೆಯಿಂದ 300ರವರೆಗೆ. ಜಾಗ ಮುಖ್ಯವಾದಾಗ ಒಳಗಿನದಕ್ಕೆ ಬೇರೆ, ಹೊರಗಿನದಕ್ಕೆ ಬೇರೆ ಎಣಿಸುತ್ತಾರೆ. ಅವ್ವನ ಪಿ-27ಗೂ ಇಂಥ ಎರಡು ಸಂಖ್ಯೆ ಬೇಕು ಅಂತ ನನಗೆ ಹಟ ಹುಟ್ಟಿತು. ಮೊದಲ ಸಂಖ್ಯೆ ದೊಡ್ಡದು, ಎರಡನೆಯದು ಸಣ್ಣದು ಬರಬೇಕು. ಬಂದರೆ ಅವ್ವ ಉಳಿಯುತ್ತಾಳೆ. ಇದು ನನ್ನ ತರ್ಕ. ಮಾಡಿಸುವುದಕ್ಕೆ ಬ್ಲಾಕು ಇದ್ದೇ ಇದೆಯಲ್ಲ, ಡಬ್ಬಿಯಲ್ಲಿ.

ಮರುದಿನ ಮೇಡಂ ಹತ್ತಿರ ಕೇಳಿದೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಪೇಪರ್ ಓದಿದ್ದೀರಿ, ಒಳ್ಳೇದು. ಆದ್ರೆ ಆ ಟೆಸ್ಟು ನಾವು ರಿಪೋರ್ಟಿಗೆ ಮಾಡಲ್ಲ. ಮಾಡಿ ಕೊಟ್ಟೆ ಅಂತಾನೇ ಇಟ್ಕೊಳ್ಳಿ, ನಿಮ್ಮ ತಾಯಿಗೆ ಕೊಡೋದು ಅದೇ ಕಾರ್ಬೋಪ್ಲಾಟಿನ್, ಅದೇ ಪ್ಯಾಕ್ಲಿಟ್ಯಾಕ್ಸೆಲ್. ಒಂದು ತುಂಡಲ್ಲಿ ಒಳಗೆ ಕಂಡದ್ದು ಪಕ್ಕದ ತುಂಡಲ್ಲಿ ಹೊರಗೆ ಕಾಣಬಹುದು. ನೀವು ಓದಿದ್ದು ನೂರಾರು ಜನರ ಸರಾಸರಿ.”

“ಹಂಗಾದ್ರ ಅದರಿಂದ ಏನ್ ಉಪಯೋಗ್ರಿ ಮೇಡಂ?”

“ಉಪಯೋಗ ಇದೆ. ಎಲ್ಲಿ ಏನು ಕೆಟ್ಟಿದೆ ಅಂತ ಗೊತ್ತಾದ್ರೆ ತಾನೇ ಮುಂದೆ ಯಾರೋ ಔಷಧಿ ಮಾಡೋದು? ಆದ್ರೆ ಅದು ನಿಮ್ಮ ತಾಯಿಗೆ ಈ ತಿಂಗಳು ಸಿಗೋದಲ್ಲ. ಈ ತಿಂಗಳು ನೀವು ನೋಡ್ಬೇಕಾದ್ದು ಬೇರೆ. ಸರ್ಜನ್ ಎಷ್ಟು ತೆಗೀತಾರೆ, ಎಷ್ಟು ಉಳಿಯುತ್ತೆ. ಅದನ್ನ ಕೇಳಿ. ಬಿಆರ್‌ಸಿಎ ಟೆಸ್ಟ್ ಮಾಡಿಸಿ, ನಿಮ್ಮ ತಂಗಿಗೂ ಅದು ಬೇಕು.”

ತಂಗಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಎರಡು ರಾತ್ರಿ ಪಿ-27 ಓದಿದ್ದೆ, ತಂಗಿಗೆ ಫೋನ್ ಮಾಡಿರಲಿಲ್ಲ. (ಪರೀಕ್ಷೆ ಮಾಡಿಸಿದೆವು. ಅವ್ವನಲ್ಲಿ ಬಿಆರ್‌ಸಿಎ ದೋಷ ಸಿಗಲಿಲ್ಲ.)

ಆದರೂ ಆ ಲೇಖನಗಳ ನಕ್ಷೆಗಳು ಬಿಡಲಿಲ್ಲ. ಕಪ್ಲನ್-ಮೈಯರ್ ಗೆರೆ ಅನ್ನುತ್ತಾರೆ. ಅಡ್ಡಕ್ಕೆ ತಿಂಗಳುಗಳು, ಉದ್ದಕ್ಕೆ ಎಷ್ಟು ಪಾಲು ಮಂದಿ ಬದುಕಿದ್ದಾರೆ ಅನ್ನುವುದು. ಎರಡು ಗೆರೆ: ಪ್ರೋಟೀನು ಸರಿಯಾದ ಜಾಗದಲ್ಲಿದ್ದವರದು ಮೇಲೆ, ಜಾಗ ಬಿಟ್ಟವರದು ಕೆಳಗೆ. ದೂರದಿಂದ ನೋಡಿದರೆ ಶೇರು ಮಾರುಕಟ್ಟೆ ಬಿದ್ದ ಹಾಗೆ. ಹತ್ತಿರ ಹೋದರೆ ಅದು ಗೆರೆಯಲ್ಲ, ಮೆಟ್ಟಿಲು. ಒಂದೊಂದು ಮೆಟ್ಟಿಲು ಇಳಿದಾಗಲೂ ಒಬ್ಬ ಹೆಂಗಸು ಹೋಗಿರುತ್ತಾಳೆ. ಮೇಲಿನ ಗೆರೆಯಲ್ಲೂ ಮೆಟ್ಟಿಲುಗಳಿವೆ, ಕೆಳಗಿನ ಗೆರೆಯ ಕೊನೆಯವರೆಗೂ ಉಳಿದವರಿದ್ದಾರೆ. ನಡುನಡುವೆ ಸಣ್ಣ ಕಡ್ಡಿಯಂಥ ಗುರುತು ಇರುತ್ತದೆ. ಅಲ್ಲಿಯ ತನಕ ಬದುಕಿದ್ದರು, ಆಮೇಲಿನದು ಲೆಕ್ಕಕ್ಕೆ ಸಿಕ್ಕಿಲ್ಲ ಅಂತ ಅದರ ಅರ್ಥ. ಪರೀಕ್ಷೆಗೆ ಬರುವುದನ್ನು ಬಿಟ್ಟವರೂ ಅದರಲ್ಲೇ ಸೇರುತ್ತಾರೆ. ನಮ್ಮ ಕಡೆಯ ಹೆಂಗಸರನ್ನು ಇಟ್ಟು ಇಂಥ ನಕ್ಷೆ ಬರೆದರೆ ಬರೀ ಕಡ್ಡಿಗಳೇ ತುಂಬಬಹುದು. ಕಬ್ಬು ಕಡಿಯೋದಿತ್ತು, ಮಗಳ ಬಾಣಂತನ ಇತ್ತು, ರೊಕ್ಕ ಇರಲಿಲ್ಲ, ಈಗ ಆರಾಮ ಅನಸತೈತಿ.

ಚಿಕಿತ್ಸೆ ಬೆಳಗಾವಿಯಲ್ಲೇ ನಡೆಯಿತು. ಮೊದಲು ಮೂರು ಸಲ ಕೀಮೋ, ಜುಲೈನಲ್ಲಿ ಆಪರೇಷನ್ನು, ಮತ್ತೆ ಮೂರು ಸಲ. ಸರ್ಜನ್ ಹೊರಗೆ ಬಂದ ಕೂಡಲೇ ಮೇಡಂ ಹೇಳಿಕೊಟ್ಟ ಪ್ರಶ್ನೆ ಕೇಳಿದೆ. “ಕಣ್ಣಿಗೆ ಕಾಣುವಷ್ಟು ಎಲ್ಲಾ ತಗದೀವಿ” ಅಂದರು. ಅದು ಒಳ್ಳೆಯ ಉತ್ತರ ಅಂತ ನನಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. “ಕಾಣದಷ್ಟು ಉಳದಿದ್ರ?” ಅಂತ ಕೇಳಿದ. ಅಪ್ಪನ ಪ್ರಶ್ನೆಯೇ ಸರಿಯಾಗಿತ್ತು.

ಆ ದಿನಗಳಲ್ಲಿ ಒಮ್ಮೆ, ಕೀಮೋ ಏರುತ್ತಿರುವಾಗ, ಅವ್ವನಿಗೆ ಗೇಟಿನವನ ಕತೆ ಹೇಳಿದೆ. ಹಿಂಗ ಹಿಂಗ, ಒಂದು ಪ್ರೋಟೀನ್ ಐತಿ, ಅದು ಒಳಗ ಕುಂತ್ರ ಕೆಲಸ, ಹೊರಗ ಬಂದ್ರ ಕೇಡು.

ತಲೆಗೆ ಕಟ್ಟಿದ ಸೀರೆಯ ತುಂಡನ್ನು ಸರಿಮಾಡಿಕೊಂಡು ಕೇಳಿದಳು. “ಒಳಗ ಇರಬೇಕಾದಾಂವ ಹೊರಗ ಹೋಗ್ಯಾನಾ?”

“ಹೂಂನವಾ. ಇದ್ದರೂ ಇರಬಹುದು, ನಾವ ಅದನ್ನ ನೋಡಿಸಿಲ್ಲ.”

“ಹಂಗಾದ್ರ ಬೆಂಗಳೂರಿಗೆ ಹೋಗಿರಬೇಕು ತಗಿ.”

ಪಕ್ಕದ ಬೆಡ್ಡಿನ ಹೆಂಗಸು ಜೋರಾಗಿ ನಕ್ಕಳು, ಅವ್ವನೂ ನಕ್ಕಳು. ನಾನು ಸಲೈನ್ ಬಾಟಲಿಯ ಹನಿ ನೋಡುತ್ತ ಕೂತೆ. ಅವ್ವ ಚುಚ್ಚಿ ಮಾತಾಡುವವಳಲ್ಲ, ಚೇಷ್ಟೆಗೆ ಅಂದದ್ದು. ಆದರೂ ಆ ಸಂಜೆಯ ರೈಲು ಹತ್ತದೆ ಇನ್ನೂ ಎರಡು ದಿನ ಉಳಿದೆ. ಮ್ಯಾನೇಜರಿಗೆ ಜ್ವರ ಅಂತ ಮೆಸೇಜು ಹಾಕಿದೆ.

ಹದಿನಾಲ್ಕು ತಿಂಗಳು ಆರಾಮಿದ್ದಳು. ಸಿಎ-125 ಹನ್ನೆರಡಕ್ಕೆ ಇಳಿಯಿತು. ಗುಡಿಗೆ ಹೋದಳು, ಹೊಲಕ್ಕೆ ಹೋದಳು, ಕೂದಲು ಗುಂಗುರಾಗಿ ಬಂದದ್ದಕ್ಕೆ ನಾಚಿಕೊಂಡಳು. 2017ರ ಡಿಸೆಂಬರಿನಲ್ಲಿ ಮತ್ತೆ ಏರತೊಡಗಿತು. ಮತ್ತೆ ಅದೇ ಎರಡು ಔಷಧ, ಮತ್ತೆ ಸ್ವಲ್ಪ ಇಳಿಕೆ, ಮತ್ತೆ ಏರಿಕೆ. ಆ ಎರಡು ವರ್ಷದ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಮನೆಯಲ್ಲಿ ಯಾರಾದರೂ ಈ ದಾರಿಯಲ್ಲಿ ನಡೆದಿದ್ದರೆ ನಿಮಗೆ ಗೊತ್ತಿರುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿತು. ಗೋಕಾಕದ ಓಣಿಗಳಲ್ಲಿ ನೀರು, ಲೋಳಸೂರ ಸೇತುವೆಯ ಮೇಲೆ ನೀರು. ಆ ವಾರ ಅವ್ವ ಬೆಳಗಾವಿಗೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ನಾನು ಬೆಂಗಳೂರಿನಲ್ಲಿ ಫೋನು ಹಿಡಿದು ಎಲ್ಲಿ ದಾರಿ ಬಂದಾಗಿದೆ, ಎಲ್ಲಿ ತೆರೆದಿದೆ ಅಂತ ಒಂದೊಂದೇ ಊರಿನ ಹೆಸರು ಕೇಳುತ್ತಿದ್ದೆ. “ನೀರ ಇಳೀಲಿ ಬಿಡೋ, ನಾ ಎಲ್ಲಿ ಹೊಕ್ಕೀನಿ?” ಅಂದಳು. ನವೆಂಬರಿನಲ್ಲಿ ಹೋದಳು. ಮನೆಯಲ್ಲೇ, ಮಧ್ಯಾಹ್ನ, ಜೋಳದ ರೊಟ್ಟಿ ಬಡಿಯುವ ಸಪ್ಪಳ ಒಳಗಿಂದ ಬರುತ್ತಿರುವಾಗ. ನಾನು ಆಗ ಮನೆಯಲ್ಲಿದ್ದೆ. ಅದೊಂದು ಸಿಕ್ಕಿತು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹೊಲದ ಬದಿಯಲ್ಲಿ, ಬೇವಿನ ಗಿಡದ ಹತ್ತಿರ, ಕಾಲುವೆಯ ಕಡೆ ಮುಖ ಮಾಡಿ.

ಎಲ್ಲ ಮುಗಿಸಿ ಬೆಂಗಳೂರಿಗೆ ಬಂದು ಕಪಾಟು ತೆಗೆದರೆ ಡಬ್ಬಿ ಅಲ್ಲೇ ಇತ್ತು. 2016ರಲ್ಲಿ ವರದಿ ಕೊಟ್ಟ ಮೇಲೆ ಬ್ಲಾಕುಗಳನ್ನು ವಾಪಸು ಕೊಟ್ಟಿದ್ದರು, ಬೆಳಗಾವಿಯಲ್ಲಿ ಯಾರೂ ತಿರುಗಿ ಕೇಳಿರಲಿಲ್ಲ. ಬೆರಳಿನಷ್ಟು ಅಗಲದ ಎರಡು ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಬಿಳಿ ಮೇಣ, ಮೇಣದ ನಡುವೆ ಹುಣಸೆ ನಾರಿನಂಥ ಮಾಸಲು ಎಳೆಗಳು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಇಂಥ ಬ್ಲಾಕು ಹತ್ತಾರು ವರ್ಷ ಕೆಡುವುದಿಲ್ಲ. ಹೆಲ್ಸಿಂಕಿ, ಹ್ಯೂಸ್ಟನ್ನಿನವರು ನೋಡಿದ್ದೂ ಹೀಗೆ ಮೇಣದಲ್ಲಿಟ್ಟ ಹಳೆಯ ತುಂಡುಗಳನ್ನೇ. ಅವರು ಕಪಾಟಿನಿಂದ ತೆಗೆದು ಕುಯ್ದು ಬಣ್ಣ ಹಾಕುವ ಹೊತ್ತಿಗೆ ಆ ಹೆಂಗಸರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು. ಯಾರು ಎಷ್ಟು ದಿನ ಬದುಕಿದರು ಅನ್ನುವುದು ಮೊದಲೇ ಗೊತ್ತಿತ್ತು, ಪ್ರೋಟೀನು ಎಲ್ಲಿತ್ತು ಅನ್ನುವುದನ್ನು ಆಮೇಲೆ ಹುಡುಕಿದ್ದು. ಭವಿಷ್ಯ ಹೇಳುವ ವಿದ್ಯೆ ಅಂತ ನಾನು ತಿಳಿದದ್ದು ಹಿಂದಕ್ಕೆ ತಿರುಗಿ ನೋಡಿ ಬರೆದದ್ದಾಗಿತ್ತು. ಅವ್ವನದೂ ಈಗ ಹಾಗೇ. ಒಂದು ಸಂಖ್ಯೆ ಕೈಯಲ್ಲಿದೆ, ನಲವತ್ನಾಲ್ಕು ತಿಂಗಳು. ಇನ್ನೊಂದು ಡಬ್ಬಿಯಲ್ಲಿದೆ.

ಇಂಥ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ, ನಾನು ಒಂದು ದಿನ ಇದೆಲ್ಲ ಹೇಳಿಕೊಂಡಾಗ, “ಕೊಡು, ಪಿ-27 ಪ್ರತಿಕಾಯ ಸಿಗುತ್ತೆ, ಒಂದು ಸ್ಲೈಡ್ ಹಾಕಿಸಿಕೊಡ್ತೀನಿ” ಅಂದ. ಹೂಂ ಅಂದೆ. ಒಯ್ದು ಕೊಡಲಿಲ್ಲ. ಕಂದು ಬಣ್ಣ ಹೊರಗೆ ಬಂದರೆ, ಹೇಗೂ ಹೋಗುವವಳಿದ್ದಳು, ನಾನು ಮೂರನೇ ಸಲ ಫೋನ್ ಇಟ್ಟದ್ದರಿಂದ ಏನೂ ಬದಲಾಗಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಳಗೇ ಇದ್ದರೆ? ಮೇಡಂ ಕೇಳಿದರೆ ಎರಡೂ ಸುಳ್ಳು ಅನ್ನುತ್ತಾರೆ, ಒಂದು ಸ್ಲೈಡಿನಿಂದ ಅದು ಯಾವುದನ್ನೂ ಹೇಳಲಾಗದು. ಗೊತ್ತು. ಗೊತ್ತಿದ್ದೂ ನನ್ನ ತಲೆ ಆ ಲೆಕ್ಕವನ್ನೇ ಹಾಕುತ್ತದೆ. ಮಾರ್ಚಿಗೆ ಬದಲು ಡಿಸೆಂಬರಿನಲ್ಲಿ ಸ್ಕ್ಯಾನ್ ಆಗಿದ್ದರೆ ಎಷ್ಟು ತಿಂಗಳು ಕೂಡುತ್ತಿತ್ತು ಅಂತ ಯಾವ ಪ್ರತಿಕಾಯವೂ ತೋರಿಸುವುದಿಲ್ಲ.

ತಂಗಿ ಪ್ರತಿ ಸಲ ಕೇಳುತ್ತಾಳೆ. “ಅಣ್ಣಾ, ಅವ್ವನ ತುಣುಕ ಅಲ್ಲಿ ಯಾಕ ಇಟ್ಕೊಂಡು ಕುಂತಿ? ತಂದು ಹೊಲದಾಗ ಅಕೀ ಬಾಜೂಕ ಇಡೂಣು.” ಹೋದ ದಸರೆಗೆ ಊರಿಗೆ ಹೊರಟಾಗ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ ಕೂಡ. ಯಶವಂತಪುರ ಸ್ಟೇಷನ್ನಿನಲ್ಲಿ ನಿಂತು, ಹಾಗೇ ರೂಮಿಗೆ ವಾಪಸು ಬಂದು ಇಟ್ಟು, ಓಡಿ ಹೋಗಿ ರೈಲು ತಪ್ಪಿಸಿಕೊಂಡು, ರಾತ್ರಿ ಬಸ್ಸಿಗೆ ಹೋದೆ. ತಂಗಿಗೆ ಮರೆತೆ ಅಂತ ಹೇಳಿದೆ.

ಈಗ ಮತ್ತೆ ಮಾರ್ಚ್. ನನ್ನ ರೂಮಿನ ಕಪಾಟು ಪಶ್ಚಿಮದ ಗೋಡೆಗಿದೆ, ಮಧ್ಯಾಹ್ನ ಮೂರರ ಮೇಲೆ ಬಾಗಿಲು ಮುಟ್ಟಿದರೆ ಬಿಸಿ ಗೊತ್ತಾಗುತ್ತದೆ. ಮೊನ್ನೆ ಭಾನುವಾರ ಡಬ್ಬಿಯನ್ನು ಮೇಲಿನ ಖಾನೆಯಿಂದ ತೆಗೆದು ಕೆಳಗಿನ ಖಾನೆಯಲ್ಲಿ, ಚಳಿಗಾಲದ ಹೊದಿಕೆಗಳ ನಡುವೆ ಇಟ್ಟೆ.